ಸ್ವಂತ ಹೆಸರಿನ ಮೇಲ್: ಲಿನಕ್ಸ್ ಸರ್ವರ್‌ನ ಒಳಹೊರಗು

ದಾಬೋಲಿಮ್ ಎಂದರೆ ಹೆಚ್ಚಿನವರಿಗೆ ವಿಮಾನ ನಿಲ್ದಾಣ. ಪೋರ್ಚುಗೀಸರ ಕಾಲದಲ್ಲಿ, 1950ರ ದಶಕದಲ್ಲಿ ಕಟ್ಟಿದ ಈ ನಿಲ್ದಾಣ ಇವತ್ತು ನೌಕಾಪಡೆಯ ಐಎನ್‌ಎಸ್ ಹಂಸ ನೆಲೆಯ ಆವರಣದಲ್ಲಿದೆ. ಒಂದು ಕಡೆ ವಾಸ್ಕೊ, ಇನ್ನೊಂದು ಕಡೆ ಬೋಗ್ಮಲೊ ಕಡಲತೀರ, ಸ್ವಲ್ಪ ಮುಂದಕ್ಕೆ ಬಿಟ್ಸ್ ಪಿಲಾನಿಯ ಗೋವಾ ಕ್ಯಾಂಪಸ್ ಇರುವ ಜುವಾರಿನಗರ. ಈ ಭಾಗದ ತುಂಬ ಹೋಟೆಲು, ಹೋಂಸ್ಟೇ, ಟ್ರಾವೆಲ್ಸ್, ಬಾಡಿಗೆ ಕಾರಿನ ಅಂಗಡಿಗಳು. ಉತ್ತರ ಕರ್ನಾಟಕದಿಂದ ಬಂದು ಇಲ್ಲೇ ನೆಲೆ ನಿಂತ ಕನ್ನಡಿಗರೂ ಬಹಳ. 2023ರ ಜನವರಿಯಲ್ಲಿ ಮೋಪಾದ ಹೊಸ ವಿಮಾನ ನಿಲ್ದಾಣ ಶುರುವಾಗಿ ಪ್ರಯಾಣಿಕರು ಹಂಚಿಹೋದ ಮೇಲೆ ಇಲ್ಲಿನ ಸಣ್ಣ ವ್ಯಾಪಾರಿಗೆ ಒಂದೊಂದು ಬುಕಿಂಗೂ ಮುಖ್ಯ.

ಇಂಥ ಒಂದು ಟ್ರಾವೆಲ್ಸ್‌ನ ಉದಾಹರಣೆ ತೆಗೆದುಕೊಳ್ಳೋಣ. ನಾಲ್ಕು ಜನರ ಕಚೇರಿ. ಇಷ್ಟು ವರ್ಷ ಪುಕ್ಕಟೆ ಜಿಮೇಲ್ ವಿಳಾಸದಲ್ಲೇ ವ್ಯವಹಾರ ನಡೆದಿತ್ತು. ಈಗ ಸಂಸ್ಥೆಯ ಹೆಸರಿನಲ್ಲೇ ಡೊಮೇನ್ ಕೊಂಡಿದ್ದಾರೆ, ಬಾಡಿಗೆಗೆ ಒಂದು ಲಿನಕ್ಸ್ ಸರ್ವರ್ ಹಿಡಿದಿದ್ದಾರೆ, ಮೇಲ್ ತಂತ್ರಾಂಶ ಹಾಕಿದ್ದಾರೆ. ಹುಬ್ಬಳ್ಳಿಯ ಗ್ರಾಹಕರೊಬ್ಬರು ಮುಂಗಡ ಹಣ ಕಟ್ಟಿದರು. ಕಚೇರಿಯಿಂದ ಖಾತರಿಯ ಮೇಲ್ ಹೋಯಿತು. ಸರ್ವರ್ ದಾಖಲೆಯಲ್ಲಿ ‘ಸೆಂಟ್’ ಎಂದೇ ಬರೆದಿದೆ. ಆದರೆ ಗ್ರಾಹಕರ ಇನ್‌ಬಾಕ್ಸ್‌ನಲ್ಲಿ ಏನೂ ಇಲ್ಲ, ಮೇಲ್ ಸ್ಪ್ಯಾಮ್ ಫೋಲ್ಡರ್‌ನಲ್ಲಿ ಬಿದ್ದಿದೆ. ಗ್ರಾಹಕರಿಗೆ ದುಡ್ಡು ಹೋಯಿತೇನೋ ಎಂಬ ಆತಂಕ, ಅಂಗಡಿಯವರಿಗೆ ಎಲ್ಲವೂ ಸರಿಯಾಗಿದೆ ಎಂಬ ನಂಬಿಕೆ.

ಲಿನಕ್ಸ್‌ನಲ್ಲಿ ಮೇಲ್ ಸರ್ವರ್ ಹೂಡುವವರು ಎದುರಿಸುವ ನಿಜವಾದ ಸಮಸ್ಯೆ ಇದು. ತಂತ್ರಾಂಶ ಹಾಕುವುದಕ್ಕೆ ಅರ್ಧ ಗಂಟೆಯೂ ಬೇಕಿಲ್ಲ. ಈ ಮೇಲ್ ಕಳಿಸಿದ್ದು ತಾವೇ, ಬೇರಾರೂ ಅಲ್ಲ ಎಂದು ಊರಾಚೆಯ ಸರ್ವರ್‌ಗಳಿಗೆ ಮನವರಿಕೆ ಮಾಡಿಕೊಡುವುದರಲ್ಲೇ ಉಳಿದ ಕೆಲಸವೆಲ್ಲ ಇರುವುದು.

ಒಂದೇ ತಂತ್ರಾಂಶವಲ್ಲ

‘ಮೇಲ್ ಸರ್ವರ್’ ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಮೂರು ನಾಲ್ಕು ಪ್ಯಾಕೇಜುಗಳು ಕೂಡಿ ಕೆಲಸ ಮಾಡುತ್ತವೆ. ಒಂದು ಊರಿನಿಂದ ಇನ್ನೊಂದು ಊರಿಗೆ ಮೇಲ್ ಸಾಗಿಸುವುದು ಒಂದರ ಹೊಣೆ. ಬಂದ ಮೇಲ್‌ಗಳನ್ನು ಇಟ್ಟುಕೊಂಡು, ಬಳಕೆದಾರರು ಫೋನಿನಿಂದಲೋ ಕಂಪ್ಯೂಟರಿನಿಂದಲೋ ಕೇಳಿದಾಗ ತೋರಿಸುವುದು ಇನ್ನೊಂದರ ಹೊಣೆ. ಸ್ಪ್ಯಾಮ್ ಸೋಸುವುದಕ್ಕೆ ಮತ್ತೊಂದು, ಹೊರಡುವ ಮೇಲ್‌ಗೆ ಡಿಜಿಟಲ್ ಸಹಿ ಹಾಕುವುದಕ್ಕೆ ಇನ್ನೂ ಒಂದು.

ಸಾಗಣೆಯ ಕೆಲಸಕ್ಕೆ ಮೊದಲು ಹೆಸರು ಮಾಡಿದ್ದು ಸೆಂಡ್‌ಮೇಲ್. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಎರಿಕ್ ಆಲ್‌ಮನ್ 1980ರ ದಶಕದ ಆರಂಭದಲ್ಲಿ ಬರೆದ ತಂತ್ರಾಂಶ ಅದು. ಜಾನ್ ಪೋಸ್ಟೆಲ್ ಬರೆದ, ಮೇಲ್ ಸಾಗಣೆಯ ಎಸ್‌ಎಂಟಿಪಿ ನಿಯಮಾವಳಿ 1982ರ ಆಗಸ್ಟ್‌ನಲ್ಲಿ ಪ್ರಕಟವಾಯಿತು. ಇವತ್ತಿಗೂ ಜಗತ್ತಿನ ಮೇಲ್ ಓಡಾಡುವುದು ಅದರ ಮೇಲೇ. ಸೆಂಡ್‌ಮೇಲ್ ಶಕ್ತಿಶಾಲಿ, ಆದರೆ ಅದರ ಸಂರಚನಾ ಕಡತ ಓದುವುದು ಪಳಗಿದವರಿಗೂ ತಲೆನೋವು. ಇಡೀ ವ್ಯವಸ್ಥೆ ಒಂದೇ ದೊಡ್ಡ ಪ್ರೋಗ್ರಾಂ ಆಗಿ ಎಲ್ಲ ಅಧಿಕಾರದೊಂದಿಗೆ ಓಡುತ್ತಿದ್ದುದರಿಂದ ಒಂದು ಕಡೆ ಬಿರುಕು ಬಿಟ್ಟರೂ ಇಡೀ ಯಂತ್ರ ಪರರ ಕೈಗೆ ಸಿಗುತ್ತಿತ್ತು. 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ಎಂಬ, ತಾನೇ ಹರಡುವ ಪ್ರೋಗ್ರಾಂ ಅಂತರಜಾಲವನ್ನು ಅಲ್ಲಾಡಿಸಿತು. ಅದು ನುಸುಳಿದ ದಾರಿಗಳಲ್ಲಿ ಒಂದು, ಸೆಂಡ್‌ಮೇಲ್‌ನಲ್ಲಿ ದೋಷ ಹುಡುಕಲೆಂದು ಇಟ್ಟು ತೆರೆದೇ ಬಿಟ್ಟಿದ್ದ ‘ಡಿಬಗ್’ ಬಾಗಿಲು.

ಆ ಪಾಠದಿಂದ ಹೊಸ ತಲೆಮಾರು ಹುಟ್ಟಿತು. ಕೇಂಬ್ರಿಜ್ ವಿಶ್ವವಿದ್ಯಾಲಯದ ಫಿಲಿಪ್ ಹೇಜಲ್ 1995ರಲ್ಲಿ ಎಕ್ಸಿಮ್ ಬರೆದರು. ಗಣಿತಜ್ಞ ಡೇನಿಯಲ್ ಬರ್ನ್‌ಸ್ಟೈನ್ ಕ್ಯೂಮೇಲ್ ಬರೆದರು. ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ 1998ರ ಡಿಸೆಂಬರ್‌ನಲ್ಲಿ ಹೊರಬಂತು. ಪೋಸ್ಟ್‌ಫಿಕ್ಸ್‌ನ ಜಾಣ್ಮೆ ಅದರ ವಿಭಜನೆಯಲ್ಲಿದೆ. ಹೊರಗಿನಿಂದ ಮೇಲ್ ಸ್ವೀಕರಿಸುವುದು, ಶುಚಿಗೊಳಿಸುವುದು, ಸರದಿಯಲ್ಲಿಡುವುದು, ಕಳಿಸುವುದು, ಪೆಟ್ಟಿಗೆಗೆ ಹಾಕುವುದು ಹೀಗೆ ಒಂದೊಂದಕ್ಕೂ ಒಂದೊಂದು ಸಣ್ಣ ಪ್ರೋಗ್ರಾಂ. ಪ್ರತಿಯೊಂದಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ.

ಮೇಲ್ ಇಟ್ಟುಕೊಂಡು ತೋರಿಸುವ ಕೆಲಸಕ್ಕೆ ಫಿನ್ಲೆಂಡ್‌ನ ಟಿಮೊ ಸಿರೈನೆನ್ 2002ರಲ್ಲಿ ಶುರುಮಾಡಿದ ಡವ್‌ಕಾಟ್ ಇವತ್ತು ಬಹುಪಾಲು ಕಡೆ ಇದೆ. ಸ್ಪ್ಯಾಮ್ ಸೋಸಲು ಹಳಬರು ಸ್ಪ್ಯಾಮ್‌ಅಸಾಸಿನ್ ಬಳಸುತ್ತಾರೆ, ಹೊಸಬರು ಆರ್‌ಸ್ಪ್ಯಾಮ್‌ಡಿ. ಇವೆಲ್ಲವೂ ಮುಕ್ತ ತಂತ್ರಾಂಶಗಳು. ಹಣ ಕೊಡಬೇಕಿಲ್ಲ, ಮೂಲ ಸಂಕೇತ ಯಾರು ಬೇಕಾದರೂ ಓದಬಹುದು.

ನಮ್ಮವರ ನಂಟು

ಈ ವಿದ್ಯೆ ನಮ್ಮ ಕಡೆಗೆ ಹೊಸದೇನಲ್ಲ. 1986ರಲ್ಲಿ ಶುರುವಾದ, ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳನ್ನು ಬೆಸೆಯುವ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿಗಳು, ಮುಂಬೈನ ಎನ್‌ಸಿಎಸ್‌ಟಿಯ ಜೊತೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ವಿಎಸ್‌ಎನ್‌ಎಲ್ ಮೂಲಕ ಅಂತರಜಾಲ ಸಿಕ್ಕಿದ್ದು 1995ರ ಆಗಸ್ಟ್ 15ರಂದು. ಅದಕ್ಕೂ ಎಷ್ಟೋ ವರ್ಷ ಮೊದಲೇ ದೇಶದ ಈ ಕೆಲವು ಸಂಸ್ಥೆಗಳ ನಡುವೆ ಮೇಲ್ ಓಡಾಡುತ್ತಿತ್ತು. ಗೋವಾದವರಿಗೂ ಇಮೇಲ್ ಜೊತೆ ಹಳೆಯ ಸಂಬಂಧ. ಅಮೆರಿಕದಲ್ಲಿ ಓದುತ್ತಿದ್ದ ಹರ್ಮನ್ ಕಾರ್ನೇರೊ 1994ರಲ್ಲಿ ಶುರುಮಾಡಿದ ಗೋವಾನೆಟ್, ದೇಶ ವಿದೇಶದ ಗೋವನ್ನರನ್ನು ಬರಿಯ ಮೇಲ್ ಮೂಲಕವೇ ಬೆಸೆಯಿತು.

ಬೆಳಗಾವಿಯ ಗೋಗಟೆ ತಾಂತ್ರಿಕ ಕಾಲೇಜಿನಲ್ಲಿ ಓದಿದ ಅತುಲ್ ಚಿಟ್ನಿಸ್ 1989ರಲ್ಲೇ ಬೆಂಗಳೂರಿನಲ್ಲಿ ‘ಸಿಕ್ಸ್’ ಎಂಬ ಬುಲೆಟಿನ್ ಬೋರ್ಡ್ ನಡೆಸಿದರು. ಫೋನ್ ತಂತಿಗೆ ಮೋಡೆಮ್ ಸಿಕ್ಕಿಸಿ ಜನ ಸಂದೇಶ ವಿನಿಮಯ ಮಾಡಿಕೊಳ್ಳುತ್ತಿದ್ದ ಕಾಲ ಅದು. 1996ರಲ್ಲಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಲಿನಕ್ಸ್ ಸಿಡಿ ಹಂಚುವ ಕೆಲಸದ ಮುಂದಾಳತ್ವ ಅವರದೇ; 2001ರಲ್ಲಿ ಶುರುವಾದ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನದ ಹಿಂದೆ ನಿಂತವರೂ ಅವರೇ. ಬೆಂಗಳೂರಿನ ಡೀಪ್‌ರೂಟ್ ಲಿನಕ್ಸ್ ಎಂಬ ಸಂಸ್ಥೆ ‘ಡೀಪೋಫಿಕ್ಸ್’ ಎಂಬ ಹೆಸರಿನ ಮೇಲ್ ಸರ್ವರ್ ವ್ಯವಸ್ಥೆಯನ್ನೇ ಸಿದ್ಧಪಡಿಸಿ ಮುಕ್ತ ಪರವಾನಗಿಯಲ್ಲಿ ಬಿಟ್ಟಿತು. ಬಿಡಿ ಬಿಡಿ ಪ್ಯಾಕೇಜುಗಳನ್ನು ಜೋಡಿಸುವ ಪಾಡು ಸಣ್ಣ ಕಚೇರಿಗಳಿಗೆ ತಪ್ಪಲಿ ಎಂಬುದೇ ಅದರ ಉದ್ದೇಶ.

ಮೊದಲ ಪರದೆ, ಮೊದಲ ನಿರ್ಧಾರ

ದಾಬೋಲಿಮ್‌ನ ಆ ಕಚೇರಿಗೆ ಮರಳೋಣ. ಸರ್ವರ್‌ನಲ್ಲಿ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿ ಇದೆ. ಪೋಸ್ಟ್‌ಫಿಕ್ಸ್ ಹಾಕಲು ಒಂದೇ ಸಾಲಿನ ಆದೇಶ ಸಾಕು. ಎಂಟರ್ ಒತ್ತಿದ ಕೂಡಲೇ ನೀಲಿ ಪರದೆಯ ಮೇಲೆ ಪ್ರಶ್ನೆಯೊಂದು ಏಳುತ್ತದೆ: ಈ ಯಂತ್ರ ಯಾವ ಬಗೆಯ ಮೇಲ್ ವ್ಯವಸ್ಥೆ? ಉತ್ತರಕ್ಕೆ ಐದು ಆಯ್ಕೆ. ‘ಏನೂ ಬೇಡ’ ಎಂಬುದು ಮೊದಲನೆಯದು. ‘ಇಂಟರ್ನೆಟ್ ಸೈಟ್’ ಎಂದರೆ ತಾನೇ ನೇರವಾಗಿ ಎಲ್ಲ ಕಡೆಗೆ ಕಳಿಸಿ ತಾನೇ ಸ್ವೀಕರಿಸುವುದು. ‘ಸ್ಮಾರ್ಟ್‌ಹೋಸ್ಟ್’ ಎಂದರೆ ಸ್ವೀಕರಿಸುವುದು ತಾನು, ಕಳಿಸುವ ಹೊಣೆ ಬೇರೊಂದು ದೊಡ್ಡ ಸರ್ವರ್‌ಗೆ. ‘ಸ್ಯಾಟಲೈಟ್’ ಎಂದರೆ ಎಲ್ಲವನ್ನೂ ಬೇರೆಯದಕ್ಕೆ ದಾಟಿಸುವುದು. ಕೊನೆಯದು ಯಂತ್ರದ ಒಳಗೇ ಮೇಲ್ ಸುತ್ತಾಡುವ ‘ಲೋಕಲ್’.

ಈ ಪರದೆಯಲ್ಲಿ ಗಡಿಬಿಡಿ ಮಾಡಬಾರದು. ಕಚೇರಿಯ ಮೂಲೆಯಲ್ಲಿರುವ ಕಂಪ್ಯೂಟರನ್ನೇ ಮನೆಬಳಕೆಯ ಬ್ರಾಡ್‌ಬ್ಯಾಂಡ್‌ಗೆ ಸಿಕ್ಕಿಸಿ ‘ಇಂಟರ್ನೆಟ್ ಸೈಟ್’ ಮಾಡಲು ಹೊರಟರೆ ಮೇಲ್ ಮುಟ್ಟುವುದು ಕಷ್ಟ. ಅಂಥ ಸಂಪರ್ಕಗಳ ಐಪಿ ವಿಳಾಸ ಆಗಾಗ ಬದಲಾಗುತ್ತದೆ. ಬದಲಾಗುವ ವಿಳಾಸಗಳಿಂದ ನೇರವಾಗಿ ಮೇಲ್ ಬರಬಾರದು ಎಂಬ ಕಾರಣಕ್ಕೆ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳು ಇಡೀ ಸರಣಿಗಳನ್ನೇ ತಡೆಪಟ್ಟಿಗೆ ಹಾಕಿರುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗುವುದು ಬೇರೆ. ಹಾಗಾಗಿ ಬಹುತೇಕರು ಮುಂಬೈ ಅಥವಾ ಬೆಂಗಳೂರಿನ ದತ್ತಾಂಶ ಕೇಂದ್ರದಲ್ಲಿ ಸ್ಥಿರ ಐಪಿ ಇರುವ ಸರ್ವರ್ ಬಾಡಿಗೆಗೆ ಪಡೆಯುತ್ತಾರೆ. ಅಲ್ಲೂ ಒಂದು ಎಚ್ಚರ ಬೇಕು. ಮೇಲ್ ಸರ್ವರ್‌ಗಳು ಪರಸ್ಪರ ಮಾತಾಡುವುದು 25ನೇ ಪೋರ್ಟ್‌ನಲ್ಲಿ. ಸ್ಪ್ಯಾಮ್ ತಡೆಯಲೆಂದು ಗೂಗಲ್ ಕ್ಲೌಡ್, ಅಮೆಜಾನ್‌ನಂಥ ಕಂಪನಿಗಳು ಹೊರಹೋಗುವ 25ನೇ ಪೋರ್ಟನ್ನು ಮೊದಲೇ ಮುಚ್ಚಿರುತ್ತವೆ. ಹಣ ಕಟ್ಟುವ ಮೊದಲೇ ಇದನ್ನು ಕೇಳಿ ತಿಳಿದುಕೊಳ್ಳಬೇಕು.

ಪೋಸ್ಟ್‌ಫಿಕ್ಸ್‌ನ ಮುಖ್ಯ ಸಂರಚನೆ ಇರುವುದು ‘ಮೇನ್ ಡಾಟ್ ಸಿಎಫ್’ ಎಂಬ ಪಠ್ಯ ಕಡತದಲ್ಲಿ. ಅದರ ಆಯ್ಕೆಗಳು ನೂರಾರು, ಆದರೆ ಸಣ್ಣ ಸರ್ವರ್‌ಗೆ ಬದಲಿಸಬೇಕಾದದ್ದು ಕೆಲವೇ ಸಾಲು. ‘ಮೈಹೋಸ್ಟ್‌ನೇಮ್’ ಎಂದರೆ ಈ ಯಂತ್ರ ಹೊರಗೆ ಹೇಳಿಕೊಳ್ಳುವ ಪೂರ್ಣ ಹೆಸರು. ‘ಮೈಡೆಸ್ಟಿನೇಷನ್’ ಎಂದರೆ ಯಾವ ಯಾವ ಡೊಮೇನ್‌ಗಳ ಮೇಲ್ ತನ್ನದು ಎಂಬ ಪಟ್ಟಿ. ‘ಮೈನೆಟ್‌ವರ್ಕ್ಸ್’ ಎಂದರೆ ಪಾಸ್‌ವರ್ಡ್ ಕೇಳದೆ ಯಾರ ಮೇಲ್ ಅನ್ನು ಹೊರಗೆ ಕಳಿಸಿಕೊಡಬೇಕು ಎಂಬ ಪಟ್ಟಿ. ಈ ಮೂರರಲ್ಲಿ ಕೊನೆಯದು ಅಪಾಯಕಾರಿ. ‘ಕೆಲಸ ಆಗುತ್ತಿಲ್ಲ’ ಎಂದು ಬೇಸತ್ತು ಅಲ್ಲಿ ಇಡೀ ಜಗತ್ತಿಗೆ ಅನುಮತಿ ಕೊಟ್ಟರೆ ಸರ್ವರ್ ‘ಓಪನ್ ರಿಲೇ’ ಆಗುತ್ತದೆ. ಯಾರೋ ಎಲ್ಲಿಂದಲೋ ಲಕ್ಷಗಟ್ಟಲೆ ಸ್ಪ್ಯಾಮ್ ಅನ್ನು ಅದರ ಮೂಲಕ ಹರಿಸುತ್ತಾರೆ, ಐಪಿ ತಡೆಪಟ್ಟಿ ಸೇರುತ್ತದೆ. ಯಂತ್ರದ ಒಳಗಿನ ವಿಳಾಸ ಬಿಟ್ಟು ಬೇರೇನೂ ಆ ಸಾಲಿನಲ್ಲಿ ಇರಕೂಡದು. ಸಿಬ್ಬಂದಿ ತಮ್ಮ ಫೋನಿನಿಂದ ಕಳಿಸುವುದಕ್ಕೆ ಪಾಸ್‌ವರ್ಡ್ ಕೇಳುವ 587 ಅಥವಾ 465ನೇ ಪೋರ್ಟ್ ಇದೆ. ಬಂದ ಮೇಲ್ ಓದಲು ಡವ್‌ಕಾಟ್‌ನ 993.

ಇನ್ನೊಂದು ಸಣ್ಣ ಸಾಲು ದಿನವೂ ಜನರನ್ನು ಕಾಡುತ್ತದೆ. ಪೋಸ್ಟ್‌ಫಿಕ್ಸ್ ತಾನಾಗಿ ಒಪ್ಪುವ ಒಂದು ಮೇಲ್‌ನ ಗರಿಷ್ಠ ಗಾತ್ರ 1,02,40,000 ಬೈಟ್, ಅಂದರೆ ಸುಮಾರು 10 ಎಂಬಿ. ಗ್ರಾಹಕರು 8 ಎಂಬಿಯ ಪಾಸ್‌ಪೋರ್ಟ್ ಸ್ಕ್ಯಾನ್ ಕಳಿಸಿದರೂ ಅದು ವಾಪಸ್ ಹೋಗುತ್ತದೆ. ಲಗತ್ತುಗಳು ಮೇಲ್‌ನಲ್ಲಿ ಸಾಗುವಾಗ ಪಠ್ಯರೂಪಕ್ಕೆ ಬದಲಾಗಿ ಮೂರನೇ ಒಂದು ಭಾಗದಷ್ಟು ಹಿಗ್ಗುತ್ತವೆ. 8 ಎಂಬಿ ಹತ್ತೂವರೆ ದಾಟುತ್ತದೆ. ಪ್ರವಾಸದ ಕಚೇರಿಗಳು ಈ ಮಿತಿಯನ್ನು ಮೊದಲ ದಿನವೇ ಏರಿಸಿಕೊಳ್ಳುವುದು ಲೇಸು.

ಎರಡು ಸರ್ವರ್‌ಗಳ ಸಂಭಾಷಣೆ

ಮೇಲ್ ಹೇಗೆ ದಾಟುತ್ತದೆ ಎಂದು ಒಮ್ಮೆ ನೋಡಿದರೆ ಮುಂದಿನದೆಲ್ಲ ಸಲೀಸು. ಕಳಿಸುವ ಸರ್ವರ್ ಎದುರಿನ ಸರ್ವರ್‌ನ 25ನೇ ಪೋರ್ಟ್‌ಗೆ ಸಂಪರ್ಕ ಮಾಡುತ್ತದೆ. ಎದುರಿನದು ‘220’ ಎಂಬ ಅಂಕಿಯೊಂದಿಗೆ ತನ್ನ ಹೆಸರು ಹೇಳುತ್ತದೆ. ಕಳಿಸುವವರು ‘ಇಹೆಲೊ’ ಎಂದು ತಮ್ಮ ಹೆಸರು ಹೇಳುತ್ತಾರೆ. ಎದುರಿನದು ‘250’ ಎಂದು ತಾನು ಏನೇನು ಬಲ್ಲೆ ಎಂಬ ಪಟ್ಟಿ ಕೊಡುತ್ತದೆ. ‘ಮೇಲ್ ಫ್ರಂ’ ಎಂದು ಕಳಿಸುವವರ ವಿಳಾಸ, ‘ಆರ್‌ಸಿಪಿಟಿ ಟು’ ಎಂದು ಪಡೆಯುವವರ ವಿಳಾಸ. ಎರಡಕ್ಕೂ ‘250’ ಬಂದರೆ ‘ಡೇಟಾ’ ಎನ್ನಬಹುದು. ‘354’ ಎಂದರೆ ಹೇಳು, ಕೇಳುತ್ತಿದ್ದೇನೆ ಎಂದರ್ಥ. ಆಗ ಪತ್ರ ಹರಿಯುತ್ತದೆ. ಒಂದು ಸಾಲಿನಲ್ಲಿ ಬರಿಯ ಚುಕ್ಕೆ ಇಟ್ಟರೆ ಪತ್ರ ಮುಗಿಯಿತು. ಮತ್ತೆ ‘250’ ಬಂದರೆ ಹೊಣೆ ಎದುರಿನ ಸರ್ವರ್‌ಗೆ ದಾಟಿತು.

‘4’ರಿಂದ ಶುರುವಾಗುವ ಅಂಕಿ ಬಂದರೆ ಈಗ ಆಗದು, ಆಮೇಲೆ ಬಾ ಎಂದರ್ಥ. ಪೋಸ್ಟ್‌ಫಿಕ್ಸ್ ಆ ಮೇಲ್ ಅನ್ನು ಸರದಿಯಲ್ಲಿಟ್ಟು ಐದು ದಿನಗಳವರೆಗೆ ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ‘5’ರಿಂದ ಶುರುವಾದರೆ ಖಡಾಖಂಡಿತ ನಿರಾಕರಣೆ, ಮೇಲ್ ಕಳಿಸಿದವರಿಗೇ ಮರಳುತ್ತದೆ.

ಈ ಸಂಭಾಷಣೆಯಲ್ಲೇ ಇಡೀ ವ್ಯವಸ್ಥೆಯ ದೌರ್ಬಲ್ಯವೂ ಇದೆ. ‘ಮೇಲ್ ಫ್ರಂ’ ಎಂಬುದು ಲಕೋಟೆಯ ಮೇಲೆ ಬರೆದ ವಿಳಾಸ. ಬಳಕೆದಾರರ ಕಣ್ಣಿಗೆ ಕಾಣುವ ‘ಫ್ರಂ’ ಒಳಗಿನ ಕಾಗದದ ಮೇಲಿನದು. ಎರಡೂ ಒಂದೇ ಆಗಿರಬೇಕೆಂದಿಲ್ಲ, ಎರಡರಲ್ಲೂ ಯಾರು ಏನು ಬೇಕಾದರೂ ಬರೆಯಬಹುದು. 1982ರಲ್ಲಿ ಜಾಲದಲ್ಲಿದ್ದವರು ಬಹುಪಾಲು ಒಬ್ಬರಿಗೊಬ್ಬರು ಗೊತ್ತಿದ್ದ ವಿಶ್ವವಿದ್ಯಾಲಯ, ಸಂಶೋಧನಾಲಯಗಳ ಜನ. ಸುಳ್ಳು ಹೇಳುವವರನ್ನು ತಡೆಯುವ ಏರ್ಪಾಡು ನಿಯಮದಲ್ಲಿರಲಿಲ್ಲ. ಅದಕ್ಕೂ ಮುಂಚೆ, 1978ರ ಮೇ ತಿಂಗಳಲ್ಲೇ ಡಿಇಸಿ ಕಂಪನಿಯ ಮಾರಾಟಗಾರ ಗ್ಯಾರಿ ಥರ್ಕ್ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್‌ನ ಸುಮಾರು 400 ಜನರಿಗೆ ಕೇಳದ ಜಾಹೀರಾತು ಕಳಿಸಿದ್ದರು. ಮೊದಲ ಸ್ಪ್ಯಾಮ್ ಎಂದು ಇವತ್ತು ಹೇಳುವುದು ಅದನ್ನೇ.

ಡಿಎನ್‌ಎಸ್‌ನಲ್ಲಿ ಬರೆಯುವ ಗುರುತು

ಹುಬ್ಬಳ್ಳಿಯ ಗ್ರಾಹಕರ ಮೇಲ್ ಸ್ಪ್ಯಾಮ್‌ಗೆ ಬಿದ್ದ ಕಾರಣ ಇಲ್ಲಿದೆ. ಪೋಸ್ಟ್‌ಫಿಕ್ಸ್ ತನ್ನ ಕೆಲಸ ಸರಿಯಾಗಿಯೇ ಮಾಡಿತ್ತು. ಆದರೆ ಮೇಲ್ ಪಡೆದ ಸರ್ವರ್ ‘ಇದು ನಿಜವಾಗಿಯೂ ಆ ಟ್ರಾವೆಲ್ಸ್‌ನಿಂದಲೇ ಬಂದದ್ದೇ?’ ಎಂದು ಡೊಮೇನ್‌ಗಳ ಸಾರ್ವಜನಿಕ ದಾಖಲೆ ವ್ಯವಸ್ಥೆಯಾದ ಡಿಎನ್‌ಎಸ್ ಅನ್ನು ಕೇಳಿದಾಗ ಉತ್ತರ ಇರಲಿಲ್ಲ.

ಉತ್ತರ ಬರೆದಿಡುವ ಕ್ರಮ ಹೀಗಿದೆ. ಮೊದಲು ಎಂಎಕ್ಸ್ ದಾಖಲೆ: ಈ ಡೊಮೇನ್‌ಗೆ ಬರುವ ಮೇಲ್ ಅನ್ನು ಯಾವ ಯಂತ್ರಕ್ಕೆ ತಲುಪಿಸಬೇಕು ಎಂದು ಅದು ಹೇಳುತ್ತದೆ. ಆಮೇಲೆ ಪಿಟಿಆರ್. ಹೆಸರಿನಿಂದ ಐಪಿ ಸಿಗುವಂತೆ ಐಪಿಯಿಂದ ಹೆಸರೂ ಸಿಗಬೇಕು, ಎರಡೂ ಒಂದಕ್ಕೊಂದು ಹೊಂದಬೇಕು. ಇದನ್ನು ಡೊಮೇನ್ ಮಾರಿದವರು ಕೊಡುವುದಿಲ್ಲ. ಐಪಿ ಕೊಟ್ಟ ಸರ್ವರ್ ಕಂಪನಿಯೇ ಬರೆಯಬೇಕು. ಹೊಸಬರು ದಿನಗಟ್ಟಲೆ ಪರದಾಡುವುದು ಇಲ್ಲೇ.

ಮೂರನೆಯದು ಎಸ್‌ಪಿಎಫ್. ಈ ಡೊಮೇನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಯಂತ್ರಗಳಿಗೆ ಹಕ್ಕಿದೆ ಎಂಬ ಒಂದು ಸಾಲಿನ ಘೋಷಣೆ ಅದು. ಕೊನೆಯಲ್ಲಿ ‘ಮೈನಸ್ ಆಲ್’ ಎಂದರೆ ಉಳಿದ ಯಾರನ್ನೂ ಒಪ್ಪಬೇಡಿ ಎಂದರ್ಥ. ಬುಕಿಂಗ್ ತಂತ್ರಾಂಶ, ಸುದ್ದಿಪತ್ರ ಕಳಿಸುವ ಸೇವೆ ಎಂದು ಒಂದೊಂದನ್ನೇ ಸೇರಿಸುತ್ತ ಹೋದರೆ ಒಂದು ಮಿತಿ ಅಡ್ಡ ಬರುತ್ತದೆ: ಎಸ್‌ಪಿಎಫ್ ಪರಿಶೀಲನೆಗೆ ಹತ್ತಕ್ಕಿಂತ ಹೆಚ್ಚು ಡಿಎನ್‌ಎಸ್ ವಿಚಾರಣೆ ಬೇಕಾದರೆ ಅದು ವಿಫಲ.

ನಾಲ್ಕನೆಯದು ಡಿಕಿಮ್. ಸರ್ವರ್‌ನಲ್ಲಿ ಒಂದು ಜೋಡಿ ಕೀಲಿ ತಯಾರಾಗುತ್ತದೆ. ಗುಟ್ಟಿನ ಕೀಲಿ ಸರ್ವರ್‌ನಲ್ಲೇ ಉಳಿದು ಹೊರಡುವ ಪ್ರತಿ ಮೇಲ್‌ಗೆ ಸಹಿ ಹಾಕುತ್ತದೆ. ಬಹಿರಂಗ ಕೀಲಿಯನ್ನು ಡಿಎನ್‌ಎಸ್‌ನಲ್ಲಿ ಪ್ರಕಟಿಸುತ್ತಾರೆ. ದಾರಿಯಲ್ಲಿ ಯಾರಾದರೂ ಬುಕಿಂಗ್ ಮೊತ್ತವನ್ನೋ ಖಾತೆ ಸಂಖ್ಯೆಯನ್ನೋ ತಿದ್ದಿದರೆ ಸಹಿ ತಾಳೆಯಾಗುವುದಿಲ್ಲ. 2048 ಬಿಟ್‌ನ ಕೀಲಿ ಡಿಎನ್‌ಎಸ್‌ನ 255 ಅಕ್ಷರಗಳ ತುಂಡಿನಲ್ಲಿ ಹಿಡಿಸದು. ಅದನ್ನು ಎರಡು ತುಂಡಾಗಿ ಬರೆಯಬೇಕು. ಒಂದೇ ಸಾಲಾಗಿ ಅಂಟಿಸಿ ಕೈಬಿಟ್ಟವರ ಸಹಿ ಎಷ್ಟೋ ಕಡೆ ಹೀಗೆಯೇ ಕೆಟ್ಟಿರುತ್ತದೆ.

ಐದನೆಯದು ಡಿಮಾರ್ಕ್. ಎಸ್‌ಪಿಎಫ್, ಡಿಕಿಮ್ ಎರಡೂ ಸೋತರೆ ಏನು ಮಾಡಬೇಕು ಎಂದು ಡೊಮೇನ್ ಒಡೆಯರೇ ಹೇಳುವ ನೀತಿ. ಸುಮ್ಮನೆ ವರದಿ ಕಳಿಸಿ, ಸ್ಪ್ಯಾಮ್‌ಗೆ ಹಾಕಿ ಅಥವಾ ತಿರಸ್ಕರಿಸಿ: ಮೂರರಲ್ಲಿ ಒಂದು. ಕಣ್ಣಿಗೆ ಕಾಣುವ ‘ಫ್ರಂ’ ವಿಳಾಸವನ್ನು ಪರೀಕ್ಷೆಗೆ ಗಂಟುಹಾಕುವುದು ಡಿಮಾರ್ಕ್ ಮಾತ್ರ. ಮೊದಲ ಕೆಲವು ವಾರ ‘ವರದಿ ಸಾಕು’ ಎಂದಿಟ್ಟು, ತಮ್ಮದೇ ಯಾವ ಮೇಲ್ ಸೋಲುತ್ತಿದೆ ಎಂದು ನೋಡಿ, ಆಮೇಲೆ ಬಿಗಿ ಮಾಡುವುದು ಅನುಭವಿಗಳ ಪದ್ಧತಿ.

ಇದು ಈಗ ಐಚ್ಛಿಕವೂ ಅಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ತನಗೆ ಮೇಲ್ ಕಳಿಸುವ ಎಲ್ಲರಿಂದಲೂ ಎಸ್‌ಪಿಎಫ್ ಅಥವಾ ಡಿಕಿಮ್, ಸರಿಯಾದ ಪಿಟಿಆರ್, ಗೂಢಲಿಪಿ ಸಂಪರ್ಕ ಕೇಳುತ್ತಿದೆ. ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ; ‘ಇದು ಸ್ಪ್ಯಾಮ್’ ಎಂದು ದೂರುವವರ ಪ್ರಮಾಣ ಶೇ 0.3 ಮುಟ್ಟಬಾರದು.

ಕನ್ನಡದಲ್ಲೇ ವಿಳಾಸ

ಕನ್ನಡ ಲಿಪಿಯಲ್ಲಿ ‘.ಭಾರತ’ ಎಂದು ಕೊನೆಯಾಗುವ ಡೊಮೇನ್ ಈಗ ಇದೆ. ದೇಶದ ಡೊಮೇನ್‌ಗಳನ್ನು ನೋಡಿಕೊಳ್ಳುವ ನಿಕ್ಸಿ ಸಂಸ್ಥೆ ಅದನ್ನೂ ನಡೆಸುತ್ತದೆ. ಹಾಗಾದರೆ ಇಮೇಲ್ ವಿಳಾಸವೂ ಪೂರ್ತಿ ಕನ್ನಡದಲ್ಲಿರಬಹುದೇ? ಇರಬಹುದು. 2012ರಲ್ಲಿ ಬಂದ ‘ಎಸ್‌ಎಂಟಿಪಿಯುಟಿಎಫ್8’ ಎಂಬ ನಿಯಮ ಅದಕ್ಕೆ ದಾರಿ ಮಾಡಿಕೊಟ್ಟಿತು. 2014ರಲ್ಲಿ ಜಿಮೇಲ್, 2015ರ ಫೆಬ್ರವರಿಯಲ್ಲಿ ಪೋಸ್ಟ್‌ಫಿಕ್ಸ್‌ನ 3.0 ಆವೃತ್ತಿ ಅದನ್ನು ಅಳವಡಿಸಿಕೊಂಡವು. ಪೋಸ್ಟ್‌ಫಿಕ್ಸ್‌ನಲ್ಲಿ ಅದು ಒಂದೇ ಸಾಲಿನ ಸಂರಚನೆ.

ತೊಡಕು ಇರುವುದು ಸಂಭಾಷಣೆಯ ಆ ‘250’ರ ಪಟ್ಟಿಯಲ್ಲಿ. ಎದುರಿನ ಸರ್ವರ್ ತಾನು ಈ ನಿಯಮ ಬಲ್ಲೆ ಎಂದು ಅಲ್ಲಿ ಹೇಳದಿದ್ದರೆ ಕನ್ನಡ ವಿಳಾಸದ ಮೇಲ್ ಅಲ್ಲಿಗೇ ನಿಂತು ಮರಳುತ್ತದೆ. ಅಂದರೆ ಕನ್ನಡ ವಿಳಾಸ ಚಲಾವಣೆಗೆ ಬರಬೇಕಾದರೆ ಪ್ರತಿ ಕಾಲೇಜು, ಪ್ರತಿ ಕಚೇರಿಯ ಸರ್ವರ್ ನಡೆಸುವವರು ತಮ್ಮ ತಮ್ಮಲ್ಲಿ ಆ ಸಾಲನ್ನು ಸರಿಮಾಡಬೇಕು.

ಲಿಪಿಯ ಸೂಕ್ಷ್ಮಗಳೂ ಇವೆ. ವಿಳಾಸದ ಮೊದಲ ಭಾಗಕ್ಕೆ 64 ಬೈಟ್‌ಗಳ ಮಿತಿ. ಯೂನಿಕೋಡ್‌ನ ಯುಟಿಎಫ್8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ‘ಸಂಪರ್ಕ’ ಎಂದು ಬರೆದರೆ ಕಣ್ಣಿಗೆ ಮೂರೇ ಅಕ್ಷರ. ಒಳಗೆ ಸ, ಸೊನ್ನೆ, ಪ, ರ, ಹಲಂತ, ಕ ಎಂದು ಆರು ಸಂಕೇತ, ಒಟ್ಟು 18 ಬೈಟ್. 21 ಸಂಕೇತ ದಾಟಿದರೆ ಜಾಗ ಮುಗಿಯಿತು. ಇನ್ನೂ ನಾಜೂಕಿನ ವಿಷಯ ‘ಗೋವಾ’ ಎಂಬ ಹೆಸರಿನಲ್ಲೇ ಇದೆ. ‘ಗೋ’ದ ಓಕಾರ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಒಕಾರಕ್ಕೆ ದೀರ್ಘ ಸೇರಿಸಿ ಬಿಡಿಯಾಗಿಯೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ. ಬೈಟ್‌ಗಳಲ್ಲಿ ಬೇರೆ ಬೇರೆ. ಸರ್ವರ್ ಇವೆರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳದಿದ್ದರೆ ಒಬ್ಬರಿಗೆ ಬರೆದ ಮೇಲ್ ಯಾರಿಗೂ ಸೇರದೆ ಹೋಗುತ್ತದೆ. ಕನ್ನಡ ಬಲ್ಲ ತಂತ್ರಜ್ಞರೇ ಕೂತು ಸರಿಪಡಿಸಬೇಕಾದ ಕೆಲಸ ಇದು. ಬೇರೆಯವರಿಗೆ ಇದು ತೊಂದರೆ ಎಂದೇ ತೋರುವುದಿಲ್ಲ.

ಹೂಡಿದ ಮೇಲಿನ ಕೆಲಸ

ಮೇಲ್ ಸರ್ವರ್ ಹೂಡಿ ಮರೆತುಬಿಡುವಂಥದ್ದಲ್ಲ. ಹೊಸ ಸರ್ವರ್ ಜಾಲಕ್ಕೆ ಬಂದ ಸ್ವಲ್ಪ ಹೊತ್ತಿಗೇ ಎಲ್ಲೆಲ್ಲಿಂದಲೋ ಪಾಸ್‌ವರ್ಡ್ ಊಹಿಸುವ ಪ್ರಯತ್ನಗಳು ಶುರುವಾಗುತ್ತವೆ. ಪದೇ ಪದೇ ತಪ್ಪಿದ ಐಪಿಯನ್ನು ತಾನೇ ತಡೆಯುವ ‘ಫೇಲ್‌ಟುಬ್ಯಾನ್’ ಎಂಬ ಪ್ಯಾಕೇಜು ಅದಕ್ಕೆ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುವ, ಗೂಢಲಿಪಿ ಸಂಪರ್ಕಕ್ಕೆ ಬೇಕಾದ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ 90 ದಿನ. ನವೀಕರಣ ತಾನಾಗಿ ಆಗುತ್ತದೆ, ಆದರೆ ಪೋಸ್ಟ್‌ಫಿಕ್ಸ್, ಡವ್‌ಕಾಟ್‌ಗಳಿಗೆ ಮತ್ತೆ ಓದಿಕೊಳ್ಳಲು ಹೇಳದಿದ್ದರೆ ಹಳೆಯ ಪ್ರಮಾಣಪತ್ರವೇ ಮುಂದುವರಿದು ಒಂದು ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಎಚ್ಚರಿಕೆ ಏಳುತ್ತದೆ. ಸ್ಪ್ಯಾಮ್‌ಹೌಸ್ ಪಟ್ಟಿ ನೋಡಲು ಗೂಗಲ್‌ನಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಹೋದರೆ ಉತ್ತರ ಸಿಗದು. ಸರ್ವರ್‌ನಲ್ಲೇ ‘ಅನ್‌ಬೌಂಡ್’ನಂಥ ಸ್ವಂತ ಡಿಎನ್‌ಎಸ್ ಇಟ್ಟುಕೊಳ್ಳಬೇಕು.

ಕಾನೂನಿನ ಕಡೆಯೂ ಲಕ್ಷ್ಯ ಇರಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಯ ದಾಖಲೆಗಳನ್ನು 180 ದಿನ ಕಾಯ್ದಿಡಬೇಕು, ಸೈಬರ್ ದಾಳಿಯಂಥ ಘಟನೆಗಳನ್ನು 6 ಗಂಟೆಯೊಳಗೆ ತಿಳಿಸಬೇಕು. ಡೆಬಿಯನ್ ಮೇಲ್ ದಾಖಲೆಗಳನ್ನು ತಾನಾಗಿ ಇಟ್ಟುಕೊಳ್ಳುವುದು ಸುಮಾರು ನಾಲ್ಕು ವಾರ. ‘ಲಾಗ್‌ರೊಟೇಟ್’ ಕಡತದಲ್ಲಿ ಒಂದು ಅಂಕಿ ಬದಲಿಸಿದರೆ ಆಯಿತು, ಆದರೆ ಬದಲಿಸಬೇಕು ಎಂಬುದು ಗೊತ್ತಿರಬೇಕು.

ಇಷ್ಟೆಲ್ಲ ಹೊಣೆ ನಾಲ್ಕು ಜನರ ಟ್ರಾವೆಲ್ಸ್‌ಗೆ ಬೇಕೇ? ಬೇಡದಿರಬಹುದು. ರಾತ್ರಿ ಎರಡಕ್ಕೆ ಸರ್ವರ್ ನಿಂತರೆ ಎದ್ದು ನೋಡುವವರು ಇಲ್ಲದಿದ್ದರೆ ಮೇಲ್ ಸೇವೆಯನ್ನು ಬಾಡಿಗೆಗೆ ಪಡೆಯುವುದೇ ಜಾಣತನ. ಕೇಂದ್ರ ಸರ್ಕಾರವೇ ಸುಮಾರು 12 ಲಕ್ಷ ನೌಕರರ ಮೇಲ್ ಅನ್ನು ತನ್ನದೇ ಸಂಸ್ಥೆಯಾದ ಎನ್‌ಐಸಿಯ ಹಳೆಯ ವ್ಯವಸ್ಥೆಯಿಂದ ಜೋಹೊ ಕಂಪನಿಯ ವ್ಯವಸ್ಥೆಗೆ ದಾಟಿಸಿದ್ದು 2025ರಲ್ಲಿ ಸುದ್ದಿಯಾಯಿತು. ಹೀಗೆ ಯಂತ್ರ ಬದಲಾದರೂ ನೌಕರರ ವಿಳಾಸ ಬದಲಾಗಲಿಲ್ಲ; ಡೊಮೇನ್ ಸರ್ಕಾರದ ಕೈಯಲ್ಲೇ ಇತ್ತು. ಸಣ್ಣ ವ್ಯಾಪಾರಿಗೂ ಇದೇ ಲೆಕ್ಕ. ಡೊಮೇನ್ ಸ್ವಂತದ್ದಾಗಿದ್ದರೆ ಇವತ್ತು ಬಾಡಿಗೆ ಸೇವೆ, ನಾಳೆ ಸ್ವಂತ ಸರ್ವರ್, ನಾಡಿದ್ದು ಮತ್ತೊಬ್ಬರ ಸೇವೆ. ಗ್ರಾಹಕರಿಗೆ ಗೊತ್ತಿರುವ ವಿಳಾಸ ಒಂದೇ. ಪುಕ್ಕಟೆ ವಿಳಾಸದಲ್ಲೇ ಕೂತವರಿಗೆ ಈ ಸ್ವಾತಂತ್ರ್ಯ ಇಲ್ಲ.

ಕಾಲೇಜುಗಳ ಮಾತು ಬೇರೆ. ಹುಬ್ಬಳ್ಳಿ, ಬೆಳಗಾವಿ, ಕಾರವಾರದ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳು ಪ್ರಯೋಗಕ್ಕಾದರೂ ಒಂದು ಮೇಲ್ ಸರ್ವರ್ ನಡೆಸಬೇಕು. ಡಿಎನ್‌ಎಸ್, ಗೂಢಲಿಪಿ, ಭದ್ರತೆ, ದಾಖಲೆ, ಕನ್ನಡ ಲಿಪಿ ಇಷ್ಟನ್ನೂ ಒಂದೇ ಕಡೆ ಕಲಿಸುವ ಪಾಠ ಇನ್ನೊಂದಿಲ್ಲ. ನಡೆಸುವವರು ಬೆರಳೆಣಿಕೆಯ ಕಂಪನಿಗಳಷ್ಟೇ ಆದರೆ ಇಮೇಲ್‌ನ ನಿಯಮವನ್ನೂ ಅವರೇ ಬರೆಯುತ್ತಾರೆ, ಕನ್ನಡ ವಿಳಾಸದ ಸರದಿ ಎಂದಿಗೂ ಬರುವುದಿಲ್ಲ.

ಸ್ವಂತ ಡೊಮೇನ್ ಇರುವ ಓದುಗರು ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಆ ವಿಳಾಸದಿಂದ ಯಾವುದಾದರೂ ಜಿಮೇಲ್ ಖಾತೆಗೆ ಒಂದು ಮೇಲ್ ಕಳಿಸಿ, ಕಂಪ್ಯೂಟರಿನಲ್ಲಿ ಅದನ್ನು ತೆರೆದು, ಮೂರು ಚುಕ್ಕೆಗಳ ಪಟ್ಟಿಯಲ್ಲಿ ‘ಶೋ ಒರಿಜಿನಲ್’ ಒತ್ತಿ. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ ‘ಪಾಸ್’ ಎಂದಿರಬೇಕು. ಒಂದರ ಮುಂದೆ ಇಲ್ಲದಿದ್ದರೂ ಡೊಮೇನ್ ನೋಡಿಕೊಳ್ಳುವವರನ್ನು ಕರೆಸಿ, ಸರಿಯಾಗುವವರೆಗೆ ಬಿಡಬೇಡಿ.